ಉಪ್ಪೊಂದು ಅರ್ಥವಾಯಿತು

ನಮ್ಮ ಮನೆಯಲ್ಲಿ ಸಿನಿಮಾ ತೆಗೆಯುತ್ತಾರೆ ಅಂದರೆ ನಗಬೇಡಿ. ಮರಾಠಿ ಸೀಮೆಯ ಐರೋಲಿಯ ಈ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಈಗೀಗ ನಾನು ಗ್ಯಾಸ್ ಹಚ್ಚುವುದಕ್ಕೂ ನಿರ್ದೇಶಕರ ಅಪ್ಪಣೆ ಬೇಕು. ನಿರ್ದೇಶಕರು ಬೇರೆ ಯಾರೂ ಅಲ್ಲ, ನನ್ನ ಮಗಳು ಅಶ್ಮಿತಾ. ಪಕ್ಕದ ಠಾಣೆ ಊರಿನ ಕಾಲೇಜಿನಲ್ಲಿ ಮೀಡಿಯಾ ಓದುತ್ತಾಳೆ. ಓದು ಅಂದೆನೇ ಹೊರತು ಅವಳ ಕೈಯಲ್ಲಿ ಪುಸ್ತಕ ನೋಡಿದ ನೆನಪು ನನಗಿಲ್ಲ. ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದು ಕಣ್ಣು ಮುಚ್ಚಿ, ಮನೆಯವರಿಗೆಲ್ಲ ಆಚೆ ಸರಿ, ಈಚೆ ಸರಿ ಅನ್ನುವುದೇ ಅವಳ ಓದು.

ಮೊದಲ ಸಿನಿಮಾ ಸೋರುವ ನಲ್ಲಿಯದು. ಮಾತಿಲ್ಲ, ಕತೆಯಿಲ್ಲ, ಬರೀ ತೊಟ್ಟಿಕ್ಕುವ ನೀರು. ಅದಕ್ಕಾಗಿ ಸರಿಯಾಗಿದ್ದ ನಲ್ಲಿಯ ವಾಷರ್ ಬಿಚ್ಚಿಟ್ಟಳು. ಸಿನಿಮಾ ಮುಗಿದಾಗ ವಾಷರ್ ಸಿಗಲಿಲ್ಲ, ನಲ್ಲಿ ಇವತ್ತಿಗೂ ಸೋರುತ್ತಿದೆ. ಎರಡನೆಯದು ಲಿಫ್ಟಿನ ಬಾಗಿಲಿನದು. ಅದು ಮುಗಿಯುವುದರೊಳಗೆ ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಮನೆಗೇ ಬಂದು, ಸೋಫಾದಲ್ಲಿ ಕೂತು, ನಾನು ಕೊಟ್ಟ ಚಾ ಕುಡಿದು, ಮರಾಠಿಯಲ್ಲಿ ನಮಗೆಲ್ಲ ಉಪದೇಶ ಮಾಡಿ ಹೋದರು.

ನನ್ನ ಗಂಡ ಲೀಲಾಧರ. ಹೆಸರು ಒಮ್ಮೆ ಹೇಳಿಯಾಯಿತು, ಇನ್ನು ‘ಇವರು’ ಅಂದರೆ ಅವರೇ ಅಂತ ತಿಳಿದುಕೊಳ್ಳಿ. ಇವರು ಮಹಾಪೆಯ ಒಂದು ಕಂಪನಿಯ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಮಗಳ ಓದಿನ ಬಗ್ಗೆ ಇವರಿಗೆ ಮೊದಲಿಂದಲೂ ಸಮಾಧಾನ ಇಲ್ಲ. ಆದರೂ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಯಾವ ಪೇಪರಿನಲ್ಲಿ ಫೇಲಾದರೂ ಸಿನಿಮಾ ಬಂದ್, ಮಾರನೆಯ ದಿನದಿಂದ ಕುಶಲಣ್ಣನ ಆಫೀಸು. ಕುಶಲಣ್ಣ ಇವರ ಊರಿನವರು, ಕಲ್ಯಾಣದಲ್ಲಿ ಅಂಗಡಿಯವರಿಗೆ ತೆರಿಗೆಯ ಕಾಗದ ತುಂಬಿಕೊಡುತ್ತಾರೆ. ಅಲ್ಲಿ ಕಂಪ್ಯೂಟರಿನ ಮುಂದೆ ಒಂದು ಕುರ್ಚಿ ಖಾಲಿ ಇದೆಯಂತೆ. ಫೋನ್ ಮಾಡಿದಾಗಲೆಲ್ಲ ಕುಶಲಣ್ಣ ಆ ಕುರ್ಚಿಯ ಕ್ಷೇಮಸಮಾಚಾರ ಹೇಳದೆ ಇಡುವುದಿಲ್ಲ. ಒಮ್ಮೆ ಹೊಸ ಕುಶನ್ ಹಾಕಿಸಿದ್ದೇನೆ ಅಂದರು. ಆ ರಾತ್ರಿ ಅಶ್ಮಿತಾ ಊಟ ಮಾಡಲಿಲ್ಲ.

ಇನ್ನು ನನ್ನ ಅತ್ತೆ ಅಕ್ಕು. ಕಾಪು ಕಡೆಯವರು, ಮಾತು ತುಳು. ನಾನು ಜಯಲತಾ, ಕೋಟೇಶ್ವರದವಳು. ಕುಂದಾಪುರ ಸೀಮೆಯ ನಮ್ಮ ಬಾಯಲ್ಲಿ ತುಳು ಇಲ್ಲ, ನಮ್ಮದು ಅಲ್ಲಿಯ ಕನ್ನಡ. ಮದುವೆಯಾಗಿ ಬಂದ ವಾರವೇ ಅತ್ತೆ ಹೇಳಿಬಿಟ್ಟರು, ಈ ಮನೆಯಲ್ಲಿ ನಮ್ಮ ಭಾಷೆ ಮಾತಾಡಬೇಕು, ನಿನ್ನ ‘ಹೋಪ, ಬಪ್ಪ’ ಎಲ್ಲ ಆಚೆ ಇಟ್ಟು ಬಾ ಅಂತ. ಇಟ್ಟೆ. ಎಲ್ಲಿ ಅಂದರೆ ಬಾಲ್ಕನಿಯಲ್ಲಿ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಒಣಗಿದ ಬಟ್ಟೆ ತೆಗೆಯುವ ನೆವದಲ್ಲಿ ಗ್ರಿಲ್ಲಿನ ಹತ್ತಿರ ನಿಂತು ಊರಲ್ಲಿರುವ ತಂಗಿ ರಮಿತಾಳಿಗೆ ಫೋನ್ ಮಾಡುತ್ತೇನೆ. ಅಷ್ಟು ಹೊತ್ತು ಕನ್ನಡ. ಉಳಿದ ಹೊತ್ತೆಲ್ಲ ತುಳು, ಅದೂ ಅತ್ತೆಯ ಕಿವಿಗೆ ಇಷ್ಟು ವರ್ಷವಾದರೂ ಸರಿಹೋಗದ ತುಳು.

ಅಶ್ಮಿತಾ ಮನೆಯಲ್ಲಿ ಕೇಳುವುದು ತುಳು, ಉತ್ತರ ಕೊಡುವುದು ಹಿಂದಿಯಲ್ಲಿ. ಸಿಟ್ಟು ಬಂದರೆ ಮರಾಠಿ. ಶಾಲೆಯ ಕಾಗದದಲ್ಲಿ ಮಾತ್ರ ಮಾತೃಭಾಷೆ ಕನ್ನಡ ಅಂತ ಇವರು ಬರೆಸಿದ್ದರು. ಇಲ್ಲಿ ನಮ್ಮವರೆಲ್ಲ ಹಾಗೆಯೇ ಬರೆಸುವುದು, ಯಾರೂ ಎರಡು ಸಲ ಯೋಚನೆ ಮಾಡುವುದಿಲ್ಲ.

ಕೊನೆಯ ಪರೀಕ್ಷೆಗೆ ಐದು ನಿಮಿಷದ ಸಿನಿಮಾ ಅಂತ ಕಾಲೇಜಿನಲ್ಲಿ ಹೇಳಿದರು. ಅವರವರ ಮಾತೃಭಾಷೆಯಲ್ಲಿ ಇರಬೇಕು, ಅವರವರ ಮನೆಯವರೇ ಇರಬೇಕು, ಒಂದೊಂದು ಭಾಷೆಗೂ ಹೊರಗಿನಿಂದ ಒಬ್ಬೊಬ್ಬ ಪರೀಕ್ಷಕರು ಬಂದು ನೋಡುತ್ತಾರೆ. ಇವಳು ಧೈರ್ಯವಾಗಿ ಕನ್ನಡ ಅಂತ ಹೆಸರು ಕೊಟ್ಟು ಬಂದಳು.

ಕತೆ ಏನು ಅಂತ ಕೇಳಿದೆ. ಸೊಸೆ ಮೀನಿನ ಸಾರಿಗೆ ಉಪ್ಪು ಹಾಕುವುದು ಮರೆಯುತ್ತಾಳೆ, ಅತ್ತೆ ಬೊಬ್ಬೆ ಹಾಕುತ್ತಾಳೆ, ಮಗ ನಡುವೆ ಕೂತು ಸುಮ್ಮನೆ ಉಣ್ಣುತ್ತಾನೆ. ಇಷ್ಟೇ.

“ಇದೆಲ್ಲಿಂದ ಹೊಳೆಯಿತು ನಿನಗೆ?”

“ಮಮ್ಮಿ, ರೋಜ್ ಕಾ ಹೈ,” ಅಂದಳು.

ದಿನಾ ನಡೆಯುವುದು ಹೌದು. ನನ್ನ ಸಾರಿನಲ್ಲಿ ಉಪ್ಪು ಕಡಿಮೆ ಇರುವುದಕ್ಕೆ ನನ್ನದೇ ಕಾರಣ ಇತ್ತು, ಆದರೆ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಶೂಟಿಂಗಿನ ದಿನ ಅತ್ತೆ ಮದುವೆಮನೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು ಬಂದರು. ನೈಟಿಯಲ್ಲೇ ಇರಬೇಕು ಅಂತ ಮೊಮ್ಮಗಳು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಊರಲ್ಲಿ ಎಲ್ಲರೂ ಮೊಬೈಲಿನಲ್ಲಿ ನೋಡುತ್ತಾರೆ, ನೈಟಿಯಲ್ಲಿ ನೋಡುವುದು ಬೇಡ ಅಂದರು. ಮನೆಯಲ್ಲಿ ನನ್ನನ್ನು ಬೈಯುವಾಗ ತೆಗೆಯುವ ಗಂಟಲು ಮೊಬೈಲಿನ ಮುಂದೆ ಎಲ್ಲಿಗೆ ಹೋಯಿತೋ. ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೈ ಎರಡೂ ತೊಡೆಯ ಮೇಲೆ ಇಟ್ಟು, ಉಪ್ಪಿಲ್ಲ ಅಂತ ಮೆಲ್ಲಗೆ ಹೇಳಿ, ಸರಿಯಾಯಿತಾ ಅಂತ ನಿರ್ದೇಶಕರ ಮುಖ ನೋಡುವುದು.

ಇವರದು ಇನ್ನೊಂದು ಪೀಕಲಾಟ. ಅರ್ಧ ತಟ್ಟೆ ಉಂಡಾಗ ನಿಲ್ಲಿಸಬೇಕು, ಮುಂದಿನ ಸಲ ಅಲ್ಲಿಂದಲೇ ಶುರು ಮಾಡಬೇಕು ಅಂತ ಅಶ್ಮಿತಾ ಹೇಳಿದ್ದಳು. ಸಣ್ಣ ವಯಸ್ಸಿನಿಂದ ಹೋಟೆಲಿನಲ್ಲಿ ದುಡಿದವರಿಗೆ ತಟ್ಟೆಯಲ್ಲಿ ಬಿಟ್ಟು ಏಳುವುದು ಗೊತ್ತಿಲ್ಲ. ಇವಳು ಕಟ್ ಅನ್ನುವಷ್ಟರಲ್ಲಿ ತಟ್ಟೆ ತೊಳೆದಿಟ್ಟಷ್ಟು ಚೊಕ್ಕ. ಮತ್ತೆ ಬಂಗುಡೆ, ಮತ್ತೆ ಅನ್ನ, ಮತ್ತೆ ಚೊಕ್ಕ. ಕೊನೆಗೆ ಇವರು ಬೆಲ್ಟ್ ಸಡಿಲಿಸಿಕೊಂಡು, ಇಂಥ ಓದಿಗೆ ಮೊದಲೇ ಒಪ್ಪಬಾರದಿತ್ತು ಅಂತ ಹೇಳಿ ಮಲಗಿಬಿಟ್ಟರು.

ನಾನು ಇಡೀ ಸಿನಿಮಾದಲ್ಲಿ ಒಲೆಯ ಕಡೆ ಮುಖ ಮಾಡಿ ನಿಂತವಳು. ನನಗಿದ್ದ ಮಾತು ಒಂದೇ, “ಆವು ಮಾಮಿ.” ಆಯಿತು ಅತ್ತೆ ಅಂತ. ಅಭ್ಯಾಸ ಬೇಕಾಗಲಿಲ್ಲ.

ಎಲ್ಲ ಸರಿಹೋದದ್ದು ಫ್ರಿಜ್ಜಿನಿಂದ. ಫ್ರಿಜ್ ಗುಂಯ್ ಅನ್ನುತ್ತದೆ ಅಂತ ಅಶ್ಮಿತಾ ಅದರ ಸ್ವಿಚ್ ತೆಗೆದಿದ್ದಳು, ಮತ್ತೆ ಹಾಕಲಿಲ್ಲ. ಮಾರನೆಯ ದಿನ ಅತ್ತೆ ಫ್ರಿಜ್ ತೆರೆದರೆ ನೀರು ಕಾಲಿನ ಮೇಲೆ ಇಳಿಯಿತು, ದೋಸೆಯ ಹಿಟ್ಟು ಉಕ್ಕಿ ಹಾಲಿನ ಪಾತ್ರೆಯ ಮೇಲೆ ಹರಿದಿತ್ತು, ಉಳಿದ ಬಂಗುಡೆ ಪಕ್ಕದ ಫ್ಲ್ಯಾಟಿಗೂ ಗೊತ್ತಾಗುವ ಹಾಗೆ ನಾರುತ್ತಿತ್ತು. ಅತ್ತೆ ಶುರುಮಾಡಿದರು. ಅವರ ಯಾವ ಜಗಳವೂ ಶುರುವಾದ ಜಾಗದಲ್ಲಿ ಮುಗಿಯುವುದಿಲ್ಲ. ಫ್ರಿಜ್ಜಿನಿಂದ ಹೊರಟು, ನನ್ನ ತವರುಮನೆ ಸುತ್ತಿ, ಮಧ್ಯಾಹ್ನದ ಊಟದ ಹೊತ್ತಿಗೆ ಉಪ್ಪಿಗೆ ಬಂದು ನಿಂತಿತು. ನೈಟಿಯಲ್ಲೇ ಇದ್ದರು. ಇವರಿಗೆ ವಾರದ ರಜೆ, ತಲೆ ಬಗ್ಗಿಸಿ ಉಣ್ಣುತ್ತಿದ್ದರು. ನಿರ್ದೇಶಕರು ಉಸಿರು ಬಿಡದೆ ಮೊಬೈಲ್ ಹಿಡಿದು ಬಾಗಿಲ ಹಿಂದೆ ನಿಂತಿದ್ದರು. ಸಿನಿಮಾ ಆಯಿತು. ನೋಡಿದರೆ ನನಗೇ ನಗು ತಡೆಯಲಾಗಲಿಲ್ಲ, ಅಷ್ಟು ಚೆನ್ನಾಗಿತ್ತು.

ಪರೀಕ್ಷೆಗೆ ಮೊದಲು ಒಮ್ಮೆ ತೋರಿಸುವುದಿತ್ತು. ಕನ್ನಡಕ್ಕೆ ಬಂದವರು ಪ್ರಿಯಂವದಾ ಮೇಡಂ, ಮೈಸೂರು ಕಡೆಯವರು, ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಕೊನೆಯವರೆಗೂ ಕನ್ನಡಕ ಸರಿಮಾಡಿಕೊಳ್ಳುತ್ತಾ ನೋಡಿ, ಬಹಳ ಮೃದುವಾಗಿ ಹೇಳಿದರಂತೆ:

“ಅಜ್ಜಿ ತುಂಬಾ ಚೆನ್ನಾಗಿ ಮಾಡಿದ್ದಾರಮ್ಮ. ಆದರೆ ಇದು ಕನ್ನಡ ಅಲ್ಲವಲ್ಲ. ನನಗೆ ಉಪ್ಪೊಂದು ಅರ್ಥವಾಯಿತು.”

ಅವತ್ತು ಸಂಜೆ ಅಶ್ಮಿತಾ ಚಪ್ಪಲಿ ಬಿಚ್ಚದೆ ಅಡುಗೆಮನೆಗೆ ಬಂದು ನಿಂತಳು.

“ಮಮ್ಮಿ, ಹಮ್ ಲೋಗ್ ಕನ್ನಡ ನಹೀ ಬೋಲ್ತೇ?”

ನಾವು ಮಾತಾಡುವುದು ಕನ್ನಡ ಅಲ್ಲವಾ ಅಂತ. ತುಳು ಅನ್ನುವ ಹೆಸರು ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಮರಾಠಿಯಲ್ಲಿ ಮಾಲವಣಿ ಅಂತ ಒಂದು ಬಗೆ ಇದ್ದ ಹಾಗೆ ಕನ್ನಡದಲ್ಲಿ ತುಳು ಒಂದು ಬಗೆ ಅಂತ ತಿಳಿದಿದ್ದಳು. ಇಷ್ಟು ವರ್ಷ ಮನೆಯಲ್ಲಿ ಕನ್ನಡ ಕೇಳುತ್ತಿದ್ದೇನೆ ಅಂದುಕೊಂಡೇ ಬೆಳೆದಿದ್ದಳು. ಇವರು ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವಳು ವಿಷಯ ಹೇಳಿದಳು: ತುಳುವಿಗೆ ಬದಲಾಯಿಸೋಣ ಅಂದರೆ ಆಗುವುದಿಲ್ಲ, ಕೊಟ್ಟ ಹೆಸರು ಕೊಟ್ಟಾಯಿತು, ತುಳುವಿಗೆ ಪರೀಕ್ಷಕರೂ ಇಲ್ಲ. ಪರೀಕ್ಷೆಯೊಳಗೆ ಕನ್ನಡದ ಧ್ವನಿ ಕೂಡಿಸಿ ತರಬೇಕು, ಇಲ್ಲವಾದರೆ ಫೇಲು. ಇವರ ನಗು ನಿಂತಿತು.

ಅತ್ತೆಗೆ ಬೇರೆಯದೇ ಸಿಟ್ಟು. ತನ್ನ ಮಾತು ಅರ್ಥವಾಗದ ಆ ಮೇಡಂ ಎಂಥ ಓದಿದವಳು, ಅವಳ ಮನೆ ಎಲ್ಲಿ, ಒಮ್ಮೆ ಹೋಗಿ ಮಾತಾಡುತ್ತೇನೆ ಅಂತ ಎದ್ದು ನಿಂತರು.

ಕನ್ನಡ ಬರುವವರು ಬೇಕು ಅಂತ ಇವರು ನೇರ ಮೂರನೆಯ ಮಾಳಿಗೆಗೆ ಹೋದರು. ಅಲ್ಲಿ ರೇವಣಸಿದ್ದ ಅವರ ಮನೆ. ಆಳಂದದ ಕಡೆಯವರು, ಕಲ್ಯಾಣದ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಇದ್ದು ರಿಟೈರಾದವರು. ಬಿಲ್ಡಿಂಗಿನಲ್ಲಿ ಕನ್ನಡ ಪೇಪರ್ ತರಿಸುವವರು ಅವರೊಬ್ಬರೇ. ಅಡುಗೆಮನೆಯಲ್ಲಿ ಹುಟ್ಟು ಕನ್ನಡದವಳೊಬ್ಬಳು ಇದ್ದಾಳೆ ಅಂತ ಯಾರಿಗೂ ನೆನಪಾಗಲಿಲ್ಲ. ನಾನೇ ಬಾಯಿಬಿಟ್ಟು, ನನ್ನದೂ ಕನ್ನಡವೇ ಅಲ್ಲವಾ ಅಂದೆ.

“ನಿನ್ನದು ಕುಂದಾಪುರದ್ದು ಮಾರಾಯ್ತಿ. ಪರೀಕ್ಷೆಗೆಲ್ಲ ಅದು ನಡೆಯುವುದಿಲ್ಲ,” ಅಂದರು ಇವರು.

ನನಗೆ ಮೈಯೆಲ್ಲ ಉರಿಯಿತು. ಅವತ್ತು ರಾತ್ರಿ ಸಾರಿಗೆ ನಿಜವಾಗಿಯೂ ಉಪ್ಪು ಮರೆತೆ.

ರೇವಣಸಿದ್ದ ಅವರು ಪಾಪ ಒಳ್ಳೆಯವರು. “ಚಿಂತಿ ಮಾಡಬ್ಯಾಡ್ರಿ, ಎಲ್ಲಾ ಮಾತು ನಾ ಬರದು ಕೊಡ್ತೀನಿ,” ಅಂದು ಎರಡು ದಿನದಲ್ಲಿ ಬರೆದುಕೊಂಡು ಬಂದರು. ಹೊರಗಿನ ಸದ್ದು ಬರದ ಹಾಗೆ ಹಾಲ್‌ನ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ನಿಲ್ಲಿಸಿ, ಸೋಫಾದ ಮೇಲೆ ಅತ್ತೆಯನ್ನು ಕೂರಿಸಿದರು. ಅತ್ತೆಯ ಮೊದಲ ಮಾತೇ, “ಯವ್ವಾ, ಸಾರಿಗಿ ಉಪ್ಪ ಹಾಕಿಲ್ಲ ನೋಡು.” ಸೊಸೆಯನ್ನು ತಾನು ಯಾಕೆ ಅವ್ವ ಅನ್ನಬೇಕು ಅಂತ ಅತ್ತೆ ಕೇಳಿದರು. ನಮ್ಮ ಕಡೆ ಪ್ರೀತಿಗಿ ಹಂಗ ಅಂತಾರ ಅಂದರು ಅವರು. ತನಗೆ ಪ್ರೀತಿ ಇಲ್ಲ ಅಂದರು ಅತ್ತೆ.

ಹಾಗಾದರೆ ನಿಮಗೆ ಬರುವ ಕನ್ನಡದಲ್ಲಿ ಹೇಳಿ ಅಂದದ್ದಕ್ಕೆ ಅತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಅವರ ಕನ್ನಡವೆಲ್ಲ ಸಣ್ಣವರಿದ್ದಾಗ ಗದ್ದೆಯಲ್ಲಿ ಚಾಪೆ ಹಾಕಿ ಕೂತು ನೋಡಿದ ಯಕ್ಷಗಾನದ್ದು.

“ಎಲಾ ಸೊಸೆಯೇ, ಈ ಪದಾರ್ಥಕ್ಕೆ ಉಪ್ಪನ್ನು ಹಾಕದಿರುವುದಕ್ಕೆ ಕಾರಣವೇನು? ಹೇಳುವಂಥವಳಾಗು.”

ರೇವಣಸಿದ್ದ ಅವರು ಗೌರವದಿಂದ ಎದ್ದು ನಿಂತರು. ಅಶ್ಮಿತಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಸಿನಿಮಾದಲ್ಲಿ ಅತ್ತೆಯ ಬಾಯಿ ಮುಚ್ಚಿ ಎಷ್ಟೋ ಹೊತ್ತಾದ ಮೇಲೂ ಈ ಮಾತು ಮುಗಿಯುತ್ತಿರಲಿಲ್ಲ. ಇವರು ಕನ್ನಡ ಕಲಿತದ್ದು ಹೋಟೆಲಿನಲ್ಲಿದ್ದಾಗ ರಾತ್ರಿ ಶಾಲೆಯಲ್ಲಿ. “ಇರಲಿ, ಅಮ್ಮ. ಉಪ್ಪು, ಆಮೇಲೆ, ಹಾಕಿಕೊಳ್ಳೋಣ” ಅನ್ನುವುದನ್ನು ಇನ್‌ಸ್ಪೆಕ್ಟರ ಮುಂದೆ ಪಾಠ ಓದಿದ ಹಾಗೆ ಓದಿದರು.

ಒಂದು ವಾರ ಹೀಗೇ ಹೋಯಿತು. ದಿನಾ ಸಂಜೆ ಕಂಬಳಿ, ದಿನಾ ಚಾ, ದಿನಾ ಜಗಳ. ಅಶ್ಮಿತಾಳ ಮುಖ ಚಿಕ್ಕದಾಗುತ್ತಾ ಬಂತು. ಕುಶಲಣ್ಣ ಫೋನ್ ಮಾಡಿದರೆ ಇವರು ಬಾತ್‌ರೂಮಿಗೆ ಹೋಗಿ ಮಾತಾಡತೊಡಗಿದರು. ಷರತ್ತು ಹಾಕಿದವರು ಇವರೇ, ಆದರೂ ಮಗಳು ಆ ಕುರ್ಚಿಯಲ್ಲಿ ಕೂರುವುದನ್ನು ನೆನೆದರೆ ಇವರಿಗೂ ಸಂಕಟವೇ ಅಂತ ನನಗೆ ಕಾಣುತ್ತಿತ್ತು.

ಒಂದು ದಿನ ಅಶ್ಮಿತಾ ಕಾಲೇಜಿನಿಂದ ಸಣ್ಣ ರೆಕಾರ್ಡರ್ ತಂದಳು. ಯಾರೂ ಮಾತಾಡದೆ ಇರುವಾಗಿನ ಮನೆಯ ಸದ್ದು ಬೇಕಂತೆ, ಮಾತುಗಳ ನಡುವೆ ಸೇರಿಸುವುದಕ್ಕೆ. ನಮ್ಮ ಮನೆಯಲ್ಲಿ ಅಂಥ ಸದ್ದು ಸಿಗುವುದು ಮಧ್ಯಾಹ್ನ ಮಾತ್ರ ಅಂತ ಅದನ್ನು ಬಾಲ್ಕನಿಯ ಕ್ಲಿಪ್ಪಿನ ಬುಟ್ಟಿಯಲ್ಲಿ ಇಟ್ಟು ಕಾಲೇಜಿಗೆ ಹೋದಳು. ನನಗೆ ಹೇಳಿದ್ದಳು ಅನ್ನುತ್ತಾಳೆ. ಹೇಳಿದ್ದರೂ ಹಿಂದಿಯಲ್ಲಿ ಹೇಳಿರಬೇಕು, ಕುಕ್ಕರಿನ ಸದ್ದಿನಲ್ಲಿ ನನಗೆ ಕೇಳಿಸಿಲ್ಲ.

ಭಾನುವಾರ ಎಲ್ಲರೂ ಹಾಲ್‌ನಲ್ಲಿ ಕೂತಿದ್ದಾಗ ಅದನ್ನು ಸ್ಪೀಕರಿಗೆ ಹಾಕಿದಳು. ರೇವಣಸಿದ್ದ ಅವರೂ ಇದ್ದರು. ಮೊದಲು ಬಟ್ಟೆ ಪಟಪಟ ಅನ್ನುವ ಸದ್ದು, ಪಾರಿವಾಳ, ದೂರದಲ್ಲಿ ಠಾಣೆಗೆ ಹೋಗುವ ರೈಲು. ಆಮೇಲೆ ಯಾವಳೋ ಹೆಂಗಸು ಗಟ್ಟಿಯಾಗಿ ನಗುತ್ತಾ ಮಾತಾಡಿದಳು.

“ಯೇ ಆಂಟಿ ಕೌನ್ ಹೈ?” ಅಂತ ಕೇಳಿದಳು ನನ್ನ ಮಗಳು.

ಹೆತ್ತ ಮಗಳು ನನ್ನ ಧ್ವನಿಯ ಗುರುತು ಹಿಡಿಯಲಿಲ್ಲ. ಆದರೆ ಅದಕ್ಕೆ ದುಃಖಪಡುವಷ್ಟು ಪುರುಸೊತ್ತು ಇರಲಿಲ್ಲ, ಯಾಕೆಂದರೆ ಮುಂದೆ ಏನು ಬರುತ್ತದೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಓಡಿಹೋಗಿ ಸ್ಪೀಕರಿನ ಒಂದು ಗುಂಡಿ ಒತ್ತಿದೆ. ಸದ್ದು ಇನ್ನೂ ಜೋರಾಯಿತು.

“ನಮ್ದ್ ಎಂತ ಕೇಂತೆ ರಮಿತಾ. ಮನಿ ತುಂಬ ಸಿನ್ಮಾ. ಮುದ್ಕಿ ರೇಷ್ಮಿ ಸೀರಿ ಉಟ್ಕಂಡ್ ಕೂಕಂಡಿತ್. ಉಪ್ಪಿಲ್ಲೆ ಉಪ್ಪಿಲ್ಲೆ ಅಂದೇಳಿ ದಿನಾ ಬೊಬ್ಬಿ. ಡಾಕ್ಟ್ರ್ ನನ್ನ ಬದಿಗ್ ಕರ್ದ್, ಮುದ್ಕಿಗ್ ಬಿಪಿ ಜಾಸ್ತಿ ಇತ್ತ್, ಉಪ್ಪ್ ಕಡ್ಮಿ ಮಾಡಿ ಅಂದೇಳಿ ಹೇಳಿರ್. ಅದ್ಕ್ ಹೇಳುದ್ ಹ್ಯಾಂಗ್? ಉಪ್ಪ್ ಬಿಡ್ಕ್ ಅಂದ್ರೆ ಮುದ್ಕಿ ಊಟವೇ ಬಿಡತ್ತ್. ಅದ್ಕೇ ನಾನೇ ಮರ್ತೋಯ್ತ್ ಅಂತೆ, ಬೈಸ್ಕಂತೆ. ಬೈಲಿ ಬಿಡ್, ಉಂಡ್ಕಂಡ್ ಗಟ್ಟಿ ಇರ್ಲಿ.”

ಇವರು ಗೋಡೆಯ ಕಡೆ ನೋಡಿದರು. ರೇವಣಸಿದ್ದ ಅವರು ಮೆಲ್ಲಗೆ, “ಅರ್ಧ ತಿಳೀಲಿಲ್ರಿ, ಆದ್ರ ಇದು ಕನ್ನಡನ ಅದ,” ಅಂದು, ಚಾ ಕುಡಿಯದೆ ಮೇಲೆ ಹೋಗಿಬಿಟ್ಟರು.

ಮುದ್ಕಿ ಅಂದದ್ದೂ ಅತ್ತೆಗೆ ತಿಳಿಯಿತು, ಉಳಿದದ್ದೂ ತಿಳಿಯಿತು. ಕುಂದಾಪುರದವಳನ್ನು ಇಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡವರಿಗೆ ಅಷ್ಟು ತಿಳಿಯದಿರುತ್ತದೆಯೇ. ಮಧ್ಯಾಹ್ನ ಸಾರು ಬಡಿಸಿದೆ. ಉಪ್ಪಿನ ಮಾತೆತ್ತದೆ ಉಂಡರು. ನನಗೆ ಅಳು ಬಂತು. ಬೈದಿದ್ದರೆ ಚೆನ್ನಾಗಿತ್ತು.

ಕೈ ತೊಳೆದು ಬಂದು ಅತ್ತೆ ಮೊಮ್ಮಗಳನ್ನು ಕರೆದರು. ಹೇಳಿದ್ದು ತುಳುವಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

“ಬಾಯಿ ನನ್ನದು ಇರಲಿ. ಸ್ವರ ಇವಳದ್ದು ಹಾಕು.”

ಅಶ್ಮಿತಾ ಕುಣಿದಾಡುವುದೊಂದು ಬಾಕಿ. ಅವಳಿಗೂ ಅದೇ ಆಸೆ ಇತ್ತು, ಕೇಳುವ ಧೈರ್ಯ ಇರಲಿಲ್ಲ. ಆ ಫೋನಿನ ಮಾತನ್ನೇ ಹಾಕುವುದು ಖಂಡಿತ ಬೇಡ ಅಂದೆ ನಾನು. ಇಡೀ ಕಾಲೇಜಿನ ಮುಂದೆ ನನ್ನ ಮಾನ ಹೋಗುತ್ತದೆ, ಬೇಕಾದರೆ ಹೊಸದಾಗಿ ಮಾತಾಡಿ ಕೊಡುತ್ತೇನೆ, ಕಡೇಪಕ್ಷ ಆ ಮುದ್ಕಿ ಅನ್ನುವುದನ್ನಾದರೂ ತೆಗೆಯಿರಿ ಅಂದೆ.

“ಅದನ್ನು ತೆಗೆಯಬೇಡ,” ಅಂದರು ಅತ್ತೆ. “ಬೈದದ್ದನ್ನು ತೆಗೆದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ.”

ಇವರ ಫೋನ್ ಬಡಿದುಕೊಂಡಿತು. ಕುಶಲಣ್ಣ. ನಾನು ಆ ಫೋನನ್ನೂ ನೋಡಿದೆ, ಮಗಳ ಮುಖವನ್ನೂ ನೋಡಿದೆ. ಅವಳು ಆ ಕುಶನ್ನಿನ ಮೇಲೆ ಕೂರುವುದಕ್ಕಿಂತ ನನ್ನ ಮಾನ ಹೋಗುವುದೇ ವಾಸಿ ಅಂತ ಅನಿಸಿ, ಹಾಕಿಕೋ ಅಂದೆ.

ಮುಂದಿನ ವಾರ ಇಡೀ ಅಶ್ಮಿತಾ ಅಡುಗೆಮನೆಯ ನೆಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಹಾಕುವುದಿತ್ತು, ನನ್ನ ಒಂದೊಂದು ಮಾತಿಗೂ ಅರ್ಥ ಕೇಳುವಳು. ಕೂಕಂಡಿತ್ ಅಂದರೆ ಏನು, ಬೈಸ್ಕಂತೆ ಅಂದರೆ ಏನು. ನಾನು ತೆಂಗಿನಕಾಯಿ ತುರಿಯುತ್ತಾ ಹೇಳುತ್ತಿದ್ದೆ. ಅವಳು ಒಮ್ಮೊಮ್ಮೆ ತಾನೂ ಹೇಳಿ ನೋಡುವಳು, ನಾಲಿಗೆ ಹೊರಳದೆ ಇಬ್ಬರೂ ನಗುವೆವು. ನನ್ನ ಹತ್ತಿರ ಅವಳು ಅಷ್ಟು ಹೊತ್ತು ಕೂತದ್ದು ಅವಳಿಗೆ ಜಡೆ ಹೆಣೆಯುತ್ತಿದ್ದ ಕಾಲದಲ್ಲಿ, ಆಮೇಲೆ ಅದೇ ಮೊದಲು. ನನಗೆ ಆ ವಾರ ಮುಗಿಯದಿದ್ದರೆ ಸಾಕು ಅನಿಸಿತು.

ಪರೀಕ್ಷೆಯ ದಿನ ನಾವೆಲ್ಲ ಠಾಣೆಗೆ ಹೋದೆವು. ಅತ್ತೆ ರೇಷ್ಮೆ ಸೀರೆ. ಪರದೆಯ ಮೇಲೆ ಅತ್ತೆ ನೈಟಿಯಲ್ಲಿ ಕೈ ಬೀಸಿ ಬೊಬ್ಬೆ ಹಾಕುತ್ತಾರೆ, ಸದ್ದಿಲ್ಲ. ಇವರು ತಟ್ಟೆ ಚೊಕ್ಕ ಮಾಡುತ್ತಾರೆ. ನನ್ನ ಬೆನ್ನು ಕಾಣುತ್ತದೆ. ಬಟ್ಟೆಯ ಪಟಪಟ, ಅದರ ಮೇಲೆ ನನ್ನ ಧ್ವನಿ. ಮುದ್ಕಿ ಅನ್ನುವಲ್ಲಿ ಮಕ್ಕಳೆಲ್ಲ ನಕ್ಕರು; ಡಾಕ್ಟರು ಅನ್ನುವಲ್ಲಿ ನಗು ನಿಂತಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ.

ಪ್ರಿಯಂವದಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

“ಪೂರ್ತಿ ಅರ್ಥವಾಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಕನ್ನಡವೇ. ಉಪ್ಪಿನ ವಿಷಯ ಮಾತ್ರ ಚೆನ್ನಾಗಿ ಅರ್ಥವಾಯಿತು.”

ಅಶ್ಮಿತಾ ಪಾಸಾದಳು. ಹೊರಗೆ ಮೇಡಂ ಅತ್ತೆಯ ಕೈ ಹಿಡಿದು ಬಿಪಿ ಈಗ ಹೇಗಿದೆ ಅಂತ ವಿಚಾರಿಸಿದರು. ಅವರ ಮನೆಗೆ ಹೋಗಿ ಬೈಯಬೇಕು ಅಂದಿದ್ದ ಅತ್ತೆ, “ನಿಮ್ಮ ದಯದಿಂದ ಕ್ಷೇಮವಾಗಿ ಇದ್ದೇವೆ,” ಅಂದರು. ಇವರು ಪ್ಲಾಟ್‌ಫಾರ್ಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕುಶಲಣ್ಣನಿಗೆ ಫೋನ್ ಮಾಡಿ, ಆ ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತ ಹೇಳಿದರು.

ಮಾರನೆಯ ದಿನ ಮಧ್ಯಾಹ್ನ ರಮಿತಾಳ ಫೋನ್ ಬಂತು. ನಾನು ಅಭ್ಯಾಸದಂತೆ ಬಾಲ್ಕನಿಯ ಕಡೆ ಹೊರಟೆ.

“ಬಿಸಿಲಲ್ಲಿ ಯಾಕೆ ನಿಲ್ಲುತ್ತಿ, ಇಲ್ಲೇ ಕೂರು,” ಅಂದರು ಅತ್ತೆ ಮಲಗಿದ್ದಲ್ಲಿಂದಲೇ, ತುಳುವಿನಲ್ಲಿ. “ಇವತ್ತು ನಾನು ಏನೇನು ಮಾಡಿದೆ ಅಂತ ನನಗೂ ಗೊತ್ತಾಗಲಿ.”

ಮಂಚದ ತುದಿಯಲ್ಲಿ ಕೂತು ಫೋನ್ ಎತ್ತಿದೆ. ಆ ಪುಣ್ಯಾತ್ಗಿತ್ತಿ ರಮಿತಾಳ ಗಂಟಲು ಸ್ಪೀಕರ್ ಹಾಕದಿದ್ದರೂ ಬಿಲ್ಡಿಂಗಿಗೆಲ್ಲ ಕೇಳುತ್ತದೆ.

“ಹೋಯ್ ಅಕ್ಕಾ, ಮುದ್ಕಿ ಮಲ್ಕಂಡಿತಾ?”

ಅತ್ತೆ ಎದ್ದು ಕೂತು, ನನ್ನ ಕೈಯಿಂದ ಫೋನ್ ತೆಗೆದುಕೊಂಡು ಕಿವಿಗೆ ಹಿಡಿದರು.

“ಮಲ್ಕಂಡಿಲ್ಲೆ,” ಅಂದರು. “ಹೇಳ್.”